ಎಡ ಕಿವಿಯ ಹರಕೆ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಯೋಗ್ಯತೆ ಇರುವವರು ಇಬ್ಬರಿದ್ದಾರೆ. ಒಬ್ಬರು ಕಾಸರಗೋಡಿನ ಕಿವಿ ಡಾಕ್ಟರು ಶರತ್ಚಂದ್ರ, ಅವರಿಗೆ ಪುರುಸೊತ್ತಿಲ್ಲ. ಇನ್ನೊಬ್ಬ ನನ್ನ ಹೆಂಡತಿಯ ತಮ್ಮ ಜಯಂತ. ತಲೆ ತಿರುಗಿದ್ದು ಅವನಿಗೇ, ಆದರೆ ಅವನು ಹೇಳಹೊರಟರೆ ಕಥೆ ಶಾರ್ಜಾದ ಕ್ರೇನಿಗೆ ಹೋಗಿ ಅಲ್ಲಿಂದ ಇಳಿಯುವುದೇ ಇಲ್ಲ. ಉಳಿದವನು ನಾನು, ಉದಯಶಂಕರ, ಕುಂಬಳೆ ಪೇಟೆಯಲ್ಲಿ ಬಟ್ಟೆ ಹೊಲಿಯುವವ. ಸಣ್ಣದಿರುವಾಗ ಶಾಲೆ ಬಿಟ್ಟು, ಮದುವೆಯಾದ ಮೇಲೆ ಸಂಜೆ ತರಗತಿಗೆ ಹೋಗಿ ಹತ್ತನೆಯ ತರಗತಿಗೆ ಸಮವೆನ್ನುವ ತುಲ್ಯತಾ ಪರೀಕ್ಷೆ ಪಾಸು ಮಾಡಿದವ. ಕಿವಿಯ ವಿಷಯದಲ್ಲಿ ನನ್ನ ವಿದ್ಯೆಯೆಲ್ಲ ಆ ತರಗತಿಯಲ್ಲಿ ದೀಪಶ್ರೀ ಟೀಚರು ಬೋರ್ಡಿನ ಮೇಲೆ ಬಿಡಿಸಿದ ಒಂದು ಚಿತ್ರದಿಂದ ಬಂದದ್ದು. ಅದರ ಬಲಗಡೆಯ ಮೂಲೆ ನನಗೆ ಕಾಣುತ್ತಿರಲಿಲ್ಲ, ಮುಂದೆ ಕೂತವರ ತಲೆ ಅಡ್ಡ ಇತ್ತು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅದು ಆ ಮೂಲೆಯಲ್ಲಿ ಇರಬಹುದು.

ಇನ್ನೊಂದು ವಿಷಯ. ನಮ್ಮ ಮನೆಮಾತು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಅತ್ತೆಯವರ ಬೈಗುಳಕ್ಕೆ ಕನ್ನಡದಲ್ಲಿ ಅಷ್ಟು ಖಾರ ಬಂದಿಲ್ಲ, ಅದು ನನ್ನ ಕೊರತೆ.

ಜಯಂತ ಶಾರ್ಜಾದಲ್ಲಿ ಟವರ್ ಕ್ರೇನ್ ಆಪರೇಟರ್. ಕಟ್ಟುತ್ತಿರುವ ಕಟ್ಟಡಕ್ಕಿಂತಲೂ ಎತ್ತರದ ಒಂದು ಕಬ್ಬಿಣದ ಕಂಬ, ಅದರ ತುದಿಯಲ್ಲಿ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅವನು. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೆ. ಗಾಳಿ ಬಂದರೆ ಪೆಟ್ಟಿಗೆ ತೂಗುತ್ತದೆ. ಅದು ಅಭ್ಯಾಸವಾಗಿ, ರಜೆಯಲ್ಲಿ ನಮ್ಮೂರು ಕಾರಡ್ಕಕ್ಕೆ ಬಂದ ಹೊಸತರಲ್ಲಿ ಅವನಿಗೆ ನಿದ್ರೆಯೇ ಹತ್ತುವುದಿಲ್ಲ. "ನಿಮ್ಮ ಮನೆಗಳು ಅಲ್ಲಾಡುವುದೇ ಇಲ್ಲ ಭಾವ, ಸತ್ತ ಹಾಗೆ ಉಂಟು" ಎನ್ನುತ್ತಾನೆ. ಅವನ ಹೆಮ್ಮೆಯೂ ಆ ಪೆಟ್ಟಿಗೆಯಷ್ಟೇ ಎತ್ತರದ್ದು. ಸೈಟಿನ ಇಂಜಿನಿಯರು ಕೂಡ ತನ್ನ ಕಾಲಿನ ಕೆಳಗೆ ಎಂದು ಮದುವೆಯೂಟದ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದವ.

2012ರ ಜನವರಿಯ ಒಂದು ಬೆಳಿಗ್ಗೆ ಅಂಥವನು ಮಂಚದಿಂದ ಬಿದ್ದ.

ಅತ್ತೆಯ ಮನೆ ನಮ್ಮ ಮನೆಯ ಪಕ್ಕದಲ್ಲೇ. ಬೊಬ್ಬೆ ಕೇಳಿ ನಾನೂ ನನ್ನ ಹೆಂಡತಿ ಪ್ರೇಮಾವತಿಯೂ ಓಡಿದೆವು. ಜಯಂತ ಸೊಳ್ಳೆಪರದೆಯನ್ನು ಮೈಗೆ ಸುತ್ತಿಕೊಂಡು ನೆಲದ ಮೇಲೆ ಕವುಚಿ ಬಿದ್ದಿದ್ದ. ಎರಡು ಕೈಯಲ್ಲೂ ನೆಲವನ್ನು ಒತ್ತಿ ಹಿಡಿದಿದ್ದ.

"ಭಾವ, ಮನೆ ತಿರುಗ್ತಾ ಉಂಟು! ಹಿಡ್ಕೊಳ್ಳಿ!"

"ಎಂತ ಹಿಡ್ಕೊಳ್ಳುವುದು?"

"ಮನೆಯನ್ನು, ಮಾರಾಯ್ರೆ!"

ನಾನು ಬಾಗಿಲಿನ ದಾರಂದವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಯಾಕೆಂದು ಈಗಲೂ ಹೇಳಲಾರೆ. ಸ್ವಲ್ಪ ಹೊತ್ತಿನಲ್ಲಿ ಅವನು ಕಣ್ಣು ತೆರೆದು, "ಆಂ, ಈಗ ನಿಂತಿತು, ಬಿಡಿ" ಎಂದ. ನಾನು ಬಿಟ್ಟೆ.

ಅತ್ತೆ ಸುಂದರಿಯವರು ಅಡುಗೆಮನೆಯಿಂದ ಸೌಟು ಹಿಡಿದೇ ಬಂದಿದ್ದರು. "ಅರಬ್ಬಿಯವರ ಆಕಾಶದಲ್ಲಿ ಕೂತು ಕೂತು ಇವನಿಗೆ ನೆಲದ ಮರ್ಯಾದೆ ಗೊತ್ತಿಲ್ಲ" ಎಂದರು. "ನೆಲಕ್ಕೆ ಸಿಟ್ಟು ಬಂದಿದೆ."

ಆಚೆಮನೆಯ ಬಟ್ಯಣ್ಣ ಬೇಲಿಯ ಮೇಲಿಂದಲೇ ಇಣುಕಿ, "ಪಿತ್ತ, ಪಿತ್ತ. ನನಗೂ ಉಂಟು. ಲಿಂಬೆ ಶರಬತ್ತು ಕೊಡಿ" ಎಂದು ಹೇಳಿ, ತಾವೂ ಒಂದು ಲೋಟ ಕುಡಿದು ಹೋದರು.

ಮೂರು ನಾಲ್ಕು ದಿನ ನೋಡಿದೆವು. ಕೂತರೆ ಏನಿಲ್ಲ, ನಡೆದರೆ ಏನಿಲ್ಲ. ಮಲಗಿ ಮಗ್ಗುಲು ಬದಲಾಯಿಸಿದರೆ ಮನೆ ತಿರುಗುತ್ತದೆ. ಬಲಕ್ಕೆ ಹೊರಳಿದರೆ ಸ್ವಲ್ಪ, ಎಡಕ್ಕೆ ಹೊರಳಿದರೆ ವಿಪರೀತ. ಜಯಂತ ಸೋಫಾದಲ್ಲಿ ಕೂತೇ ನಿದ್ರೆ ಮಾಡತೊಡಗಿದ. ಹೊರಗಿನವರ ಎದುರು ನಗುತ್ತಿದ್ದ. ನನ್ನ ಹತ್ತಿರ ಮಾತ್ರ ಬಾವಿಕಟ್ಟೆಯಲ್ಲಿ ಒಮ್ಮೆ ಹೇಳಿದ:

"ಭಾವ, ಫೆಬ್ರವರಿಯಲ್ಲಿ ನನ್ನ ವಿಮಾನ. ಕೊಕ್ಕೆಯಲ್ಲಿ ನೇತಾಡುವುದು ಕಬ್ಬಿಣದ ತೊಲೆ. ಕೆಳಗೆ ನಡೆಯುವುದು ಜನ. ನಾನು ತಲೆ ಬಗ್ಗಿಸಿ ಕೆಳಗೆ ನೋಡುವಾಗ ಹೀಗಾದ್ರೆ?"

"ಕಂಪೆನಿಗೆ ಹೇಳು."

"ಹೇಳಿದ್ರೆ ಕ್ರೇನಿನಿಂದ ಇಳಿಸ್ತಾರೆ. ಕ್ರೇನಿನಿಂದ ಇಳಿದ್ರೆ ನಾನೆಂತ? ಸಿಮೆಂಟು ಹೊರುವವ."

ನನಗೆ ಆವತ್ತಿನಿಂದ ಊಟ ಸೇರಲಿಲ್ಲ. ನನ್ನ ಸ್ವಭಾವವೇ ಹಾಗೆ. ಬೇರೆಯವರ ರವಿಕೆ ಬಿಗಿಯಾದರೆ ನನಗೆ ಉಸಿರು ಕಟ್ಟುತ್ತದೆ.

ಅಂತೂ ಒತ್ತಾಯಿಸಿ ಶರತ್ಚಂದ್ರ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಎಲ್ಲ ಕೇಳಿ ಅವನನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿದರು. ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೊದಲು ಬಲಕ್ಕೆ ತಿರುಗಿಸಿದರು, ಆಮೇಲೆ ಎಡಕ್ಕೆ. ಎಡಕ್ಕೆ ತಿರುಗಿಸಿದ್ದೇ ತಡ, ಜಯಂತನ ಕಣ್ಣಿನ ಗುಡ್ಡೆಗಳು ಹೊಲಿಗೆ ಮಿಶಿನಿನ ಶಟಲಿನ ಹಾಗೆ ಆಚೀಚೆ ಆಚೀಚೆ ಓಡತೊಡಗಿದವು. ಅಂಥದ್ದನ್ನು ನಾನು ನೋಡಿದ್ದೇ ಇಲ್ಲ.

"ನೋಡಿ, ನೋಡಿ, ಚಂದ ಕಾಣ್ತದೆ!" ಎಂದು ಡಾಕ್ಟರು ಸಂತೋಷಪಟ್ಟರು.

ಅಷ್ಟರಲ್ಲಿ ಜಯಂತ ಅವರ ಬೂಟಿನ ಮೇಲೆ ವಾಂತಿ ಮಾಡಿ, ಗೋಡೆ ಹಿಡಿದುಕೊಂಡು ಹೊರಗೆ ಓಡಿ, ರಿಕ್ಷಾದಲ್ಲಿ ಕೂತುಬಿಟ್ಟ.

ಬೂಟು ಒರೆಸಲು ನಾನು ಬಗ್ಗಿದೆ. ಡಾಕ್ಟರು ಬೇಡವೆಂದರು. ಇಬ್ಬರೂ ಸೇರಿ ಒರೆಸುತ್ತಿರುವಾಗ ಅವರೇ ಕೇಳಿದರು: "ಕಿವಿ ಇರುವುದು ಎಂತಕ್ಕೆ, ಗೊತ್ತುಂಟಾ ನಿಮಗೆ?"

"ಕೇಳಲಿಕ್ಕೆ. ಮತ್ತೆ ದೇಹದ ಸಮತೋಲನಕ್ಕೆ. ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ" ಎಂದೆ, ಒಂದೇ ಉಸಿರಿಗೆ.

"ಟೀಚರಾ ನೀವು?"

"ಅಲ್ಲ ಡಾಕ್ಟ್ರೇ. ಟೈಲರ್."

ಅವರು ಬೂಟು ಬದಿಗಿಟ್ಟು ನನಗೆ ಸರಿಯಾಗಿಯೇ ತಿಳಿಸಿದರು. ನಾವು ತಲೆ ತಿರುಗಿಸಿದಾಗ ನಾಳಗಳೂ ತಲೆಯ ಜತೆ ತಿರುಗುತ್ತವೆ, ಆದರೆ ಅದರೊಳಗಿನ ನೀರು ಒಂದು ಕ್ಷಣ ಹಿಂದೆ ಉಳಿಯುತ್ತದೆ. ಆ ನೀರು ಒಂದು ಮೆದುವಾದ ಪರದೆಯನ್ನು ತಳ್ಳುತ್ತದೆ. ಪರದೆಯ ಬುಡದಲ್ಲಿರುವ ಕೂದಲಿನಂಥ ಎಳೆಗಳು ಬಾಗುತ್ತವೆ. ಇಂಥ ಕಡೆಗೆ ತಿರುಗಿದೆ ಎಂದು ಮಿದುಳಿಗೆ ಸುದ್ದಿ ಹೋಗುತ್ತದೆ. ನಾಳಗಳ ಬುಡದಲ್ಲಿ ಎರಡು ಚೀಲಗಳಿವೆ. ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳು ಅಂಟಿನಂಥದ್ದರ ಮೇಲೆ ಕೂತಿರುತ್ತವೆ. ತಲೆ ವಾಲಿದರೆ, ಬಸ್ಸು ಗಕ್ಕನೆ ಹೊರಟರೆ, ಆ ಹರಳುಗಳ ಭಾರ ಜಗ್ಗಿ ಅದೂ ಸುದ್ದಿಯಾಗುತ್ತದೆ. ಜಯಂತನಿಗೆ ಆದದ್ದು ಇಷ್ಟೇ: ಎಡ ಕಿವಿಯ ಕೆಲವು ಹರಳು ಚೀಲದಿಂದ ಕಳಚಿ ಒಂದು ನಾಳದೊಳಗೆ ಜಾರಿವೆ. ಮಗ್ಗುಲು ಬದಲಾಯಿಸಿದಾಗ ಹರಳು ಉರುಳುತ್ತದೆ, ನೀರನ್ನು ಎಳೆಯುತ್ತದೆ. ತಲೆ ನಿಂತ ಮೇಲೂ ಸುದ್ದಿ ಹೋಗುತ್ತಲೇ ಇರುತ್ತದೆ.

"ಕಿವಿ ಹೇಳ್ತದೆ ತಿರುಗ್ತಾ ಉಂಟು ಅಂತ. ಕಣ್ಣು ಹೇಳ್ತದೆ ಇಲ್ಲ ಅಂತ. ಮಿದುಳು ಎಂತ ಮಾಡಬೇಕು? ಸಿಕ್ಕಿದವರ ಬೂಟಿನ ಮೇಲೆ ವಾಂತಿ ಮಾಡಿಸ್ತದೆ" ಎಂದರು ಡಾಕ್ಟರು.

ಮದ್ದು ಏನೂ ಬೇಡವಂತೆ. ಎಡ ಕಿವಿಯಾದ್ದರಿಂದ ಅಂಗಾತ ಮಲಗಿಸಿ ಬಲಕ್ಕೆ ಹೊರಳಿಸಬೇಕು: ಕಾಲು ಸುತ್ತು, ತಲೆ ತಿರುಗುವುದು ನಿಲ್ಲುವವರೆಗೆ ಹಾಗೇ ಇರಬೇಕು, ಮತ್ತೆ ಕಾಲು ಸುತ್ತು, ಮತ್ತೆ ನಿಲ್ಲಬೇಕು. ಪೂರ್ತಿ ಒಂದು ಸುತ್ತು ಆಗುವಾಗ ಹರಳು ಬಂದ ದಾರಿಯಲ್ಲೇ ಹೊರಗೆ ಜಾರುತ್ತದೆ. "ಎಡಕ್ಕೆ ಮಾತ್ರ ಉರುಳಿಸಬೇಡಿ, ಇನ್ನೂ ಒಳಗೆ ಹೋದೀತು. ನಾಳೆ ಕರ್ಕೊಂಡು ಬನ್ನಿ, ನಾನೇ ಮಾಡ್ತೇನೆ. ಹೊಟ್ಟೆ ಖಾಲಿ ಇರಲಿ."

ರಿಕ್ಷಾದಲ್ಲಿ ಜಯಂತ ಕಂಬಿ ಹಿಡಿದು ಕೂತಿದ್ದ. "ಸತ್ತರೂ ಬರುವುದಿಲ್ಲ" ಎಂದ. "ಅವರು ನನ್ನ ತಲೆಯನ್ನು ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿದ್ರು. ನಿಮಗೆ ನೋಡ್ಲಿಕ್ಕೆ ಚಂದ."

ಡಾಕ್ಟರು ಹೇಳಿದ ಹಾಗೆ ಮನೆಯಲ್ಲೇ ಹೊರಳಿಸೋಣವೆಂದೆ. "ನೀವು ಬಟ್ಟೆ ತಿರುಗಿಸಿ ಹೊಲಿಯಿರಿ ಭಾವ, ನನ್ನನ್ನು ಬಿಡಿ" ಎಂದ. ನಾಳದ ವಿಷಯವಾದರೂ ಅರ್ಥವಾಗಲಿ ಎಂದು ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪಿನ ಹೋಲಿಕೆ ಕೊಟ್ಟೆ. ಅದು ಅವನಿಗೆ ಬಹಳ ಹಿಡಿಸಿತು. ಮನೆಗೆ ಹೋದವನೇ ದೊಡ್ಡ ಸ್ವರದಲ್ಲಿ ಹೇಳಿದ:

"ಅಮ್ಮ, ನನ್ನ ಒಂದೊಂದು ಕಿವಿಯಲ್ಲಿ ಮೂರು ಮೂರು ಟ್ಯೂಬ್ ಲೆವೆಲ್ ಉಂಟಂತೆ!"

"ಅಷ್ಟಿದ್ದೂ ಮಂಚದಲ್ಲಿ ಮಲಗ್ಲಿಕ್ಕೆ ಬರುವುದಿಲ್ವಾ ನಿನಗೆ?"

"ಒಂದರಲ್ಲಿ ಕಲ್ಲು ಕೂತಿದೆ."

ಅತ್ತೆಯ ಮುಖ ಅರಳಿತು. "ಕಲ್ಲಾ? ಅದನ್ನು ಮೊದಲೇ ಹೇಳಬಾರದಾ!" ಎಂದು ಕತ್ತಿ ಹಿಡಿದು ತೋಟದ ಕಡೆ ಹೊರಟರು. ಬಾಳೆದಂಡಿನೊಂದಿಗೆ ಹಿಂದೆ ಬಂದರು. ಜಜ್ಜಿ, ಹಿಂಡಿ, ಒಂದು ಚೆಂಬು ರಸ ತೆಗೆದರು. ನಮ್ಮಲ್ಲಿ ಮೂತ್ರದ ಕಲ್ಲಿಗೆ ಅದನ್ನು ಕುಡಿಸುತ್ತಾರೆ.

"ಅತ್ತೆ, ಇದು ಕಿವಿಯದ್ದು" ಎಂದೆ.

"ಕಲ್ಲು ಎಲ್ಲಿದ್ದರೆಂತ ಉದಯ? ಬಾಳೆದಂಡಿಗೆ ದಾರಿ ಗೊತ್ತುಂಟು."

ಎರಡೂ ಸುಣ್ಣದ ಜಾತಿಯ ಕಲ್ಲುಗಳೇ ಎಂದು ಎಲ್ಲೋ ಓದಿದ್ದ ನೆನಪು. ಹಾಗಾಗಿ ಖಡಾಖಂಡಿತವಾಗಿ ಅಲ್ಲವೆನ್ನಲು ನನಗೆ ಧೈರ್ಯ ಬರಲಿಲ್ಲ. ಜಯಂತ ಆವತ್ತೆಲ್ಲ ಬಾಳೆದಂಡಿನ ರಸ ಕುಡಿದ, ಆವತ್ತೆಲ್ಲ ಹಿತ್ತಲಿಗೆ ಓಡಾಡಿದ. ಮರುದಿನ ಮಲಗಿ ನೋಡಿದರೆ ಮನೆ ಮೊದಲಿನ ಹಾಗೇ ತಿರುಗಿತು.

ಆಗ ಅತ್ತೆ ಗಂಭೀರವಾಗಿ ಕೂತು ಆ ಮಾತು ತೆಗೆದರು. ಜಯಂತನಿಗೆ ಮೊದಲ ವೀಸಾ ಬಂದಾಗ ಅವರು ಊರ ದೇವಸ್ಥಾನದಲ್ಲಿ ಹರಕೆ ಹೇಳಿದ್ದರು, ಮಗ ಕ್ಷೇಮವಾಗಿ ಬಂದರೆ ಅವನಿಂದಲೇ ಒಂದು ಉರುಳುಸೇವೆ ಮಾಡಿಸುತ್ತೇನೆಂದು. ಒದ್ದೆ ಬಟ್ಟೆಯಲ್ಲಿ ಗುಡಿಗೆ ಒಂದು ಸುತ್ತು ಉರುಳಿಕೊಂಡು ಬರುವ ಸೇವೆ. ಜಯಂತ ಪ್ರತಿ ರಜೆಯಲ್ಲೂ ಮುಂದಿನ ರಜೆಗೆಂದು ದೂಡಿದ್ದ. ಕ್ರೇನ್ ಆಪರೇಟರು ನೆಲದಲ್ಲಿ ಉರುಳುವುದನ್ನು ಊರವರು ನೋಡುವುದು ಅವನಿಗೆ ಇಷ್ಟವಿರಲಿಲ್ಲ.

"ನೀನಾಗಿ ಉರುಳಲಿಲ್ಲ. ದೇವರು ಮಂಚದಲ್ಲೇ ಉರುಳಿಸಿ ವಸೂಲಿ ಮಾಡ್ತಾ ಇದ್ದಾರೆ" ಎಂದರು ಅತ್ತೆ.

ಡಾಕ್ಟರ ಬೆಂಚಿಗೆ ಹೆದರಿದ ಜಯಂತ ಅಮ್ಮನ ದೇವರಿಗೆ ಇನ್ನೂ ಹೆಚ್ಚು ಹೆದರಿದ. ಬರುವ ಸೋಮವಾರ ಎಂದು ನಿಶ್ಚಯವಾಯಿತು.

ಹೆದರಿಕೆಯಲ್ಲಿ ನಾನೂ ಹಿಂದೆ ಇರಲಿಲ್ಲ. ಎಡಕ್ಕೆ ಉರುಳಿಸಬೇಡಿ ಎಂದು ಡಾಕ್ಟರು ಹೇಳಿದ್ದು ನನಗೊಬ್ಬನಿಗೆ. ದೇವಸ್ಥಾನದಲ್ಲಿ ಅವನು ಯಾವ ಕಡೆಗೆ ಉರುಳುತ್ತಾನೆ? ಪ್ರದಕ್ಷಿಣೆ ಬಲಕ್ಕೆ ನಿಜ, ಆದರೆ ಅದು ನಡೆಯುವವನ ಬಲ. ಉರುಳುವವನ ಎಡ ಬಲ ಬೇರೆಯಲ್ಲವೇ? ತಪ್ಪಿದರೆ ಅವನ ಕ್ರೇನು ಹೋಯಿತು. ಬಾಯಿಬಿಟ್ಟರೆ ಅಳಿಯ ಹರಕೆಗೆ ಅಡ್ಡ ಬಂದ ಎಂಬ ಹೆಸರು.

ಶನಿವಾರ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಲಂಗದ ಬಟ್ಟೆಯ ಉರುಟಾಗಿ ಸುತ್ತಿದ ಒಂದು ಥಾನು ತೆಗೆದೆ. ಅದರ ಒಂದು ತುದಿಯಲ್ಲಿ ಸೀಮೆಸುಣ್ಣದಿಂದ ಮುಖ ಬರೆದೆ, ಎರಡು ಕಡೆ ಕಿವಿ ಬರೆದೆ, ಎಡ ಕಿವಿಗೆ ಗುರುತು ಹಾಕಿದೆ. ಕತ್ತರಿಸುವ ಮೇಜಿನ ನಡುವೆ ಚಹಾದ ಲೋಟ ಇಟ್ಟು ಅದನ್ನೇ ಗರ್ಭಗುಡಿಯೆಂದು ತಿಳಿದು ಥಾನನ್ನು ಲೋಟಕ್ಕೆ ಸುತ್ತು ಉರುಳಿಸಿದೆ. ಎಡಕ್ಕೆ ಉರುಳಿತು. ಮತ್ತೊಮ್ಮೆ ಮಾಡಿದೆ. ಎಡಕ್ಕೇ!

"ಇದೆಂತ ಉದಯಶಂಕರ, ಲೋಟಕ್ಕೆ ಪೂಜೆಯಾ?"

ತಲೆಯೆತ್ತಿದರೆ ನಮ್ಮೂರಿನ ಪರಮೇಶ್ವರಿ ಅಮ್ಮ, ರವಿಕೆಗೆಂದು ಬಂದವರು. ಊರ ದೇವಸ್ಥಾನದ ಅರ್ಚಕರು ಮಹಾಗಣಪತಿ ಭಟ್ಟರ ಹೆಂಡತಿ. ಸುಳ್ಳು ಹೇಳಲು ಹೊತ್ತು ಸಿಗಲಿಲ್ಲ, ಇದ್ದದ್ದನ್ನು ಹೇಳಿದೆ. ಅವರು ಥಾನಿನ ಮುಖವನ್ನು ಕನ್ನಡಕ ಸರಿಮಾಡಿ ನೋಡಿದರು.

"ಇದು ಜಯಂತನಾ? ಮೂಗು ಸ್ವಲ್ಪ ಉದ್ದ ಆಯ್ತು."

"ಅಮ್ಮ, ಇದು ಎಡಕ್ಕೆ ಉರುಳ್ತದೆ."

"ಉರುಳದೆ ಎಂತ ಮಾಡ್ತದೆ? ನೀವು ಇವನ ಕಾಲನ್ನು ದೇವರ ಕಡೆಗೆ ಹಾಕಿದ್ದೀರಿ! ದೇವರಿಗೆ ಯಾರಾದ್ರೂ ಕಾಲು ತೋರಿಸ್ತಾರಾ?" ಎಂದು ಗದರಿ, ಥಾನನ್ನು ಎತ್ತಿ ಅಡಿಮೇಲು ಮಾಡಿ, ತಲೆ ಲೋಟದ ಕಡೆಗೆ ಬರುವ ಹಾಗೆ ಇಟ್ಟರು. "ಈಗ ಉರುಳಿಸಿ."

ಉರುಳಿಸಿದೆ. ಬಲಕ್ಕೆ ಹೋಯಿತು.

ಮತ್ತೆ ಮತ್ತೆ ಮಾಡಿ ನೋಡಿದೆ. ಲೋಟದ ಕಡೆಗೆ ತಲೆಯಿಟ್ಟಷ್ಟು ಸಲವೂ ಬಲಕ್ಕೇ. ನನಗೆ ಅಷ್ಟು ಸಂತೋಷವಾಯಿತೆಂದರೆ ಪರಮೇಶ್ವರಿ ಅಮ್ಮನ ರವಿಕೆಯ ಅಳತೆಯನ್ನು ತಪ್ಪಾಗಿ ಬರೆದುಕೊಂಡೆ. ಅದನ್ನು ಆಮೇಲೆ ಬಿಚ್ಚಿ ಹೊಲಿಯಬೇಕಾಯಿತು.

ಭಾನುವಾರ ಜಯಂತನಿಗೆ ಕಿವಿಮಾತು ಹೇಳಿದೆ. ತಲೆ ದೇವರ ಕಡೆಗೇ ಇರಬೇಕು. ಕಾಲು ಸುತ್ತು ಉರುಳಿದರೆ ನಿಲ್ಲಬೇಕು, ತಿರುಗುವುದು ನಿಂತ ಮೇಲೆಯೇ ಮುಂದೆ. "ಅದು ಡಾಕ್ಟರು ಹೇಳಿದ ಕ್ರಮ."

"ಅಮ್ಮನಿಗೆ ಗೊತ್ತಾಗಬಾರದು" ಎಂದ ಅವನು.

"ದೇವರಿಗೆ ಗೊತ್ತಾದರೆ?"

"ದೇವರು ಅಮ್ಮನಿಗೆ ಹೇಳುವುದಿಲ್ಲ. ಭಾವ, ನನಗೆ ಕಣ್ಣುಮುಚ್ಚಿದರೆ ಎಲ್ಲಿದ್ದೇನೆ ಅಂತ ತಿಳಿಯುವುದಿಲ್ಲ, ತೆರೆದ್ರೆ ಎಲ್ಲ ತಿರುಗ್ತದೆ. ನೀವು ಎದುರಿಗೆ ನಿಂತು ಕ್ರೇನಿನ ಸನ್ನೆ ಮಾಡಿ. ಮುಷ್ಟಿ ಹಿಡಿದ್ರೆ ನಿಲ್ಲುವುದು. ಬೆರಳು ಸುತ್ತಿಸಿದ್ರೆ ಉರುಳುವುದು."

ಉರುಳುವಾಗ ಸೊಂಟಕ್ಕೆ ಉಟ್ಟ ಮುಂಡು ಕಳಚಿ ಹೋದೀತೆಂಬ ಚಿಂತೆ ಇನ್ನೊಂದು. ಅದಕ್ಕೆ ನಾನು ಅವನ ಮುಂಡನ್ನು ಎರಡು ಬದಿ ಸೇರಿಸಿ ಹೊಲಿದು, ಸೊಂಟಕ್ಕೆ ಲಾಡಿ ಹಾಕಿ ಕೊಟ್ಟೆ.

ಸೋಮವಾರ ಬೆಳಿಗ್ಗೆ ಕೆರೆಯಲ್ಲಿ ಮುಳುಗಿ ಬಂದು ಜಯಂತ ನಡುಗುತ್ತ ಅಂಗಣದ ಕಲ್ಲಿನ ಮೇಲೆ ಮಲಗಿದ. ತಲೆ ಗುಡಿಯ ಕಡೆಗೆ, ಕೈಗಳು ತಲೆಯ ಮೇಲೆ ಜೋಡಿಸಿ. ಪ್ರೇಮಾವತಿ ಮತ್ತು ಅತ್ತೆ ಹಿಂದೆ ನಿಂತರು. ಬಟ್ಯಣ್ಣನೂ ಬಂದಿದ್ದರು. ನಾನು ಮುಂದೆ ನಿಂತು ಬೆರಳು ಸುತ್ತಿಸಿದೆ.

ಅವನು ಕಾಲು ಸುತ್ತು ಉರುಳಿದ. ನಾನು ಮುಷ್ಟಿ ಹಿಡಿದೆ. ಅವನು ಬಲಮಗ್ಗುಲಲ್ಲಿ ಹಲ್ಲು ಕಚ್ಚಿ ನಿಂತ. ಕಣ್ಣು ಶಟಲಾಯಿತು. "ಸ್ಟಾಪ್, ಸ್ಟಾಪ್, ಸ್ಟಾಪ್" ಎಂದು ಗೊಣಗುತ್ತಿದ್ದ. ಸುತ್ತ ನಿಂತವರಿಗೆ ಅದು ನಾಮಜಪದ ಹಾಗೆ ಕೇಳಿಸಿರಬೇಕು; ಒಬ್ಬಾಕೆ ಕೈಮುಗಿದರು. ಸ್ವಲ್ಪ ಹೊತ್ತಾದ ಮೇಲೆ ಅವನು ಕಣ್ಣು ಮಿಟುಕಿಸಿದ, ನಾನು ಬೆರಳು ಸುತ್ತಿಸಿದೆ. ಕವುಚಿ ಬಿದ್ದ. ಮತ್ತೆ ಮುಷ್ಟಿ.

"ಒಂದು ಉರುಳಿಗೆ ನಾಲ್ಕು ಕಡೆ ನಿಂತು ಸ್ಮರಣೆ ಮಾಡ್ತಾನೆ. ಈಗಿನ ಕಾಲದಲ್ಲಿ ಇಷ್ಟು ಭಕ್ತಿ ಯಾರಿಗುಂಟು?" ಎಂದರು ಮಹಾಗಣಪತಿ ಭಟ್ಟರು, ಗುಡಿಯ ಬಾಗಿಲಲ್ಲಿ ನಿಂತು.

ಅದನ್ನು ಅವರು ಹೇಳಿದ್ದು ಮೊದಲ ಬದಿಯಲ್ಲಿ. ಎರಡನೆಯ ಬದಿ ಅರ್ಧ ಆಗುವಾಗ, "ಮಧ್ಯಾಹ್ನದ ಪೂಜೆಗೆ ಮೊದಲು ಮುಗೀಬಹುದಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಮುಷ್ಟಿ ಬಿಡದೆ ತಲೆಯಾಡಿಸಿದೆ.

ಇನ್ನೊಂದು ತೊಂದರೆಯನ್ನು ನಾನು ಥಾನಿನಲ್ಲಿ ಊಹಿಸಿರಲಿಲ್ಲ. ಥಾನು ತಲೆಯಿಂದ ಕಾಲಿನವರೆಗೆ ಒಂದೇ ದಪ್ಪ. ಜಯಂತನಿಗೆ ಹೆಗಲು ಹೊಟ್ಟೆ ದಪ್ಪ, ಕಾಲು ಸಪೂರ. ಉರುಳಿದ ಹಾಗೆ ತಲೆಯ ಭಾಗ ಮುಂದೆ ಹೋಗಿ ಅವನು ಹೊರಗಡೆಗೆ, ದೀಪದ ಕಂಬದ ಕಡೆಗೆ ವಾಲತೊಡಗಿದ. ಬಟ್ಯಣ್ಣನೂ ನಾನೂ ಕಾಲು ಹಿಡಿದು ನೇರ ಮಾಡಿದೆವು. ಮೂಲೆ ಬಂದಲ್ಲೆಲ್ಲ ಪೂರ್ತಿ ತಿರುಗಿಸಬೇಕಾಯಿತು.

"ಇವನನ್ನು ಎತ್ತಲಿಕ್ಕೆ ಕ್ರೇನೇ ಬೇಕು" ಎಂದರು ಬಟ್ಯಣ್ಣ.

"ಕೇಳಿಸ್ತದೆ" ಎಂದ ಜಯಂತ, ಕಲ್ಲಿಗೆ ಮೂಗು ಒತ್ತಿಕೊಂಡು.

ಗುಡಿಯ ಹಿಂಬದಿಯಲ್ಲಿ ಅವನ ಬಣ್ಣ ಹೋಯಿತು. ಬಾಯಿಗೆ ಕೈ ತಂದ. ಅಂಗಣದಲ್ಲಿ ವಾಂತಿಯಾದರೆ ಪುಣ್ಯಾಹ, ಶುದ್ಧಿಕಲಶ, ಎಲ್ಲ ನಮ್ಮ ತಲೆಗೆ. ಭಟ್ಟರು ಒಂದು ಹೆಜ್ಜೆ ಮುಂದೆ ಬಂದರು. ನಾನು ಮುಷ್ಟಿಯನ್ನು ಇನ್ನೂ ಮೇಲಕ್ಕೆತ್ತಿ ಹಿಡಿದೆ. ನನ್ನ ತಲೆಯೂ ತಿರುಗುತ್ತಿತ್ತು ಎನ್ನಬೇಕು. ಅವನು ನನ್ನ ಮುಷ್ಟಿಯನ್ನೇ ದಿಟ್ಟಿಸಿ ನೋಡುತ್ತ, ಉಸಿರು ಎಳೆಯುತ್ತ, ಹಾಗೇ ಇದ್ದ. ವಾಂತಿ ಬರಲಿಲ್ಲ. ಬೆರಳು ಸುತ್ತಿಸಿದೆ. ಉರುಳಿದ. ಮುಷ್ಟಿ ಹಿಡಿದೆ.

ಅವನು ನಿಲ್ಲಲಿಲ್ಲ. ಮತ್ತೆ ಉರುಳಿದ. ಮತ್ತೂ ಉರುಳಿದ.

"ಜಯ, ಮುಷ್ಟಿ! ಮುಷ್ಟಿ ನೋಡು!"

"ಇಲ್ಲ ಭಾವ! ತಿರುಗುವುದಿಲ್ಲ! ಎಂತದೂ ತಿರುಗುವುದಿಲ್ಲ!" ಎಂದು ಕೂಗುತ್ತ ಅವನು ಎಣ್ಣೆಯ ಪೀಪಾಯಿ ಬಿಟ್ಟ ಹಾಗೆ ಉರುಳಿದ. ನಾನೂ ಬಟ್ಯಣ್ಣನೂ ಓಡಿ ದಾರಿ ಬಿಟ್ಟೆವು. ಹೊರಟ ಜಾಗಕ್ಕೆ ಬಂದವನೇ ಎದ್ದು, ಕಲ್ಲುಹಾಸಿನ ಒಂದು ಗೆರೆ ಹಿಡಿದು ಸೂಜಿಗೆ ನೂಲು ಪೋಣಿಸಿದಷ್ಟು ನೇರವಾಗಿ ನಡೆದು ತೋರಿಸಿದ.

"ಇನ್ನೊಂದು ಸುತ್ತು ಬರ್ಲಾ ಅಮ್ಮ?"

"ಬೇಡ. ಹರಕೆ ಹೇಳಿದ್ದು ಒಂದೇ. ಹೆಚ್ಚು ಕೊಟ್ಟು ಅಭ್ಯಾಸ ಮಾಡಿಸಬೇಡ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಮಧ್ಯಾಹ್ನ ಮಂಚದ ಮೇಲೆ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿದೆವು. ಮನೆ ನಿಂತಲ್ಲೇ ನಿಂತಿತ್ತು. ಆದರೂ ನನಗೆ ಸಮಾಧಾನವಿಲ್ಲ. ಎರಡು ದಿನ ಬಿಟ್ಟು ಡಾಕ್ಟರಲ್ಲಿಗೆ ಮತ್ತೆ ಎಳೆದುಕೊಂಡು ಹೋದೆ. ಅವರು ಈ ಸಲ ಚಪ್ಪಲಿ ಹಾಕಿಕೊಂಡು ಬಂದು ಪರೀಕ್ಷಿಸಿದರು. ಕಣ್ಣು ಓಡಲಿಲ್ಲ.

"ಯಾರು ಮಾಡಿದ್ದು ಇದನ್ನು?"

ನಾನು ಹೇಳಿದೆ. ಅವರು ನಗಲಿಲ್ಲ. ತಲೆ ಯಾವ ಕಡೆ, ಎಷ್ಟು ಹೊತ್ತು ನಿಂತದ್ದು, ಎಲ್ಲಿ ಸರಿಯಾದದ್ದು ಎಂದು ಒಂದೊಂದೇ ಕೇಳಿ, ತಾವೇ ಮೇಜಿನ ಮೇಲೆ ಪೆನ್ನು ಉರುಳಿಸಿ ನೋಡಿದರು. "ಇದರಿಂದ ಆಗಿರಬಹುದು. ಆಗದೆಯೂ ಇರಬಹುದು. ಹಲವರಿಗೆ ಕೆಲವು ದಿನಗಳಲ್ಲಿ ತನ್ನಷ್ಟಕ್ಕೇ ಹೋಗ್ತದೆ" ಎಂದರು. "ಆದರೆ ಕೆಲವರಿಗೆ ತಿರುಗಿ ಬರುವುದೂ ಉಂಟು. ಇವರಿಗೆ ಬರ್ತದಾ ಇಲ್ವಾ, ನಾನು ಹೇಳಲಾರೆ. ಕೆಲಸ ಎಂತ?"

ಜಯಂತ ನನ್ನನ್ನು ನೋಡಿದ. ಸುಮ್ಮನಿರಿ ಎಂದು ಕಣ್ಣಿನಲ್ಲೇ ಹೇಳಿದ.

"ಟವರ್ ಕ್ರೇನ್ ಓಡಿಸುವುದು" ಎಂದೆ ನಾನು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಂಪೆನಿಗೆ ಹೇಳಬೇಕು."

ಬಸ್ಸಿನಲ್ಲಿ ಅವನು ನನ್ನ ಹತ್ತಿರ ಕೂರಲಿಲ್ಲ. ಮನೆಯಲ್ಲಿ ಸಿಟ್ಟೆಲ್ಲ ಹೊರಗೆ ಬಂತು. "ನಿಮಗೆ ಎಲ್ಲದರಲ್ಲೂ ಭಯ, ಭಾವ. ಸರಿಯಾಗಿದೆ ಅಂದ ಮೇಲೆ ಹೇಳುವುದೆಂತಕ್ಕೆ?"

"ಹೌದು, ನನಗೆ ಭಯ" ಎಂದೆ. "ಆ ತೊಲೆಯ ಕೆಳಗೆ ನನ್ನಂಥ ಒಬ್ಬ ಹೆದರುಪುಕ್ಕಲ ನಡೀತಾ ಇರ್ತಾನೆ. ಮೇಲೆ ಕೂತವನ ಕಿವಿ ಸರಿ ಉಂಟು ಅಂತ ನಂಬಿ ನಡೀತಾನೆ. ಅವನಿಗೆ ಎಂತ ಹೇಳುವುದು?"

ಅತ್ತೆ ತರಕಾರಿ ಹೆಚ್ಚುತ್ತಿದ್ದವರು ತಲೆಯೆತ್ತದೆ ಹೇಳಿದರು: "ಹರಕೆಯನ್ನು ಎಂಟು ವರ್ಷ ದೂಡಿದೆ. ಇದನ್ನೂ ದೂಡ್ತೀಯಾ?"

ಜಯಂತ ಎದ್ದು ಅಂಗಳಕ್ಕೆ ಹೋದ. ಆಮೇಲೆ ಒಳಗೆ ಬಂದು ನಮ್ಮೆದುರೇ ಫೋನ್ ಸ್ಪೀಕರಿಗೆ ಹಾಕಿ ಸೈಟಿನ ಸುರಕ್ಷತಾ ಅಧಿಕಾರಿಗೆ ಕರೆ ಮಾಡಿದ. ಕಣ್ಣೂರು ಕಡೆಯವರು, ಮಲಯಾಳದಲ್ಲಿ ಮಾತು. ತಲೆ ತಿರುಗಿದ್ದು ಹೇಳಿದ, ಹರಳು ಹೇಳಿದ.

"ಚಿಕಿತ್ಸೆ ಎಂತ ಮಾಡಿದ್ದು?" ಎಂದು ಆ ಕಡೆಯಿಂದ ಕೇಳಿತು.

"ಉರುಳಿದ್ದು ಸಾರ್."

"ಎಲ್ಲಿ?"

"ದೇವಸ್ಥಾನದಲ್ಲಿ."

ಅದನ್ನು ಅವರು ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ಅವರು, ಒಂದು ತಿಂಗಳು ನೆಲದಲ್ಲಿ ಸಿಗ್ನಲ್ ಕೊಡುವ ಕೆಲಸ, ಕಂಪೆನಿ ಡಾಕ್ಟರು ನೋಡಿ ಒಪ್ಪಿದರೆ ಮಾತ್ರ ಮೇಲೆ, ಎಂದರು. ಫೋನ್ ಇಡುವ ಮೊದಲು, ಹೇಳಿದ್ದು ಒಳ್ಳೆಯದಾಯಿತು ಎಂದೂ ಅಂದರು.

ಆ ಒಂದು ತಿಂಗಳು ಜಯಂತ ನೆಲದಲ್ಲಿ ನಿಂತು ಬೇರೆಯವನಿಗೆ ಮುಷ್ಟಿ ತೋರಿಸಿದ. ಕತ್ತು ನೋವು ಎಂದು ನನಗೆ ಫೋನ್ ಮಾಡಿ ಬೈದ. ಮಾರ್ಚ್ ಕೊನೆಯಲ್ಲಿ ಅವನನ್ನು ಪರೀಕ್ಷೆ ಮಾಡಿ ಮೇಲೆ ಹತ್ತಿಸಿದರು. ಆವತ್ತು ಸಂಜೆ ಇಳಿದ ಮೇಲೆ ಬಂದ ಕರೆಯಲ್ಲಿ ಬೈಗುಳ ಇರಲಿಲ್ಲ. "ಎಂತ ತೊಂದರೆಯೂ ಇಲ್ಲ ಭಾವ" ಎಂದಷ್ಟೇ ಹೇಳಿದ. ಆವತ್ತು ನಾನು ಹೊಟ್ಟೆತುಂಬ ಊಟ ಮಾಡಿದೆ.

ಊರಿನಲ್ಲಿ ಸುದ್ದಿ ಹಬ್ಬಿತು. ಬಟ್ಯಣ್ಣ ತಮ್ಮ ತಲೆಸುತ್ತಿಗೆಂದು ಏಪ್ರಿಲಿನಲ್ಲಿ ಉರುಳುಸೇವೆ ಮಾಡಿಸಿದರು. ನಾಲ್ಕು ಕಡೆ ನಿಲ್ಲುವ ಕ್ರಮವನ್ನೂ ತಪ್ಪಿಸಲಿಲ್ಲ, ಸನ್ನೆಗೆ ನನ್ನನ್ನೇ ನಿಲ್ಲಿಸಿದರು. ಅವರಿಗೆ ಏನೂ ಗುಣವಾಗಲಿಲ್ಲ. ಅವರದ್ದು ಬಲ ಕಿವಿಯೋ, ರಕ್ತದೊತ್ತಡವೋ, ನಿಜಕ್ಕೂ ಪಿತ್ತವೋ ಹೇಳುವ ಹಾಗಿಲ್ಲ, ಡಾಕ್ಟರಲ್ಲಿಗೆ ಹೋಗಲು ಅವರು ಒಪ್ಪಿಲ್ಲ. ಅವರ ಮನಸ್ಸಿನಲ್ಲಿ ಶುದ್ಧಿ ಸಾಲದೆ ಹೋಯಿತೆಂದು ಅತ್ತೆ ಹೇಳುತ್ತಾರೆ. ನಾನು ಮುಷ್ಟಿ ತಪ್ಪಾಗಿ ಹಿಡಿದೆನೆಂದು ಬಟ್ಯಣ್ಣ ಹೇಳುತ್ತಾರೆ.

ಜಯಂತನಿಗೆ ಗುಣವಾದದ್ದು ಯಾವುದರಿಂದ ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಬಲಕ್ಕೆ ಉರುಳಿದ್ದರಿಂದ ಎಂದು ನಾನು ನಂಬಿದ್ದೇನೆ, ಆದರೆ ಆ ಹರಳು ಚೀಲಕ್ಕೆ ಹಿಂದೆ ಹೋದದ್ದನ್ನು ಯಾರೂ ಕಂಡಿಲ್ಲ. ಸುಮ್ಮನೆ ಮಲಗಿದ್ದರೂ ಆ ವಾರ ಅದು ಹೋಗುತ್ತಿತ್ತೋ ಏನೋ. ಮೊದಲಿಗೆ ಅದು ಯಾಕೆ ಕಳಚಿತು ಎಂದು ಡಾಕ್ಟರನ್ನು ಕೇಳಿದೆ, ಹೆಚ್ಚಿನವರಲ್ಲಿ ಕಾರಣ ಸಿಗುವುದಿಲ್ಲ ಎಂದರು. ಮತ್ತೆ ಕಳಚೀತೇ ಎಂಬುದು ನನಗೆ ಗೊತ್ತಿಲ್ಲ.